ಬುರುಲ್ ಅತ್ತೆ ಹಾಕಿದ ಓಲೆ

ಬುರುಲ್ ಅತ್ತೆಗೆ, ಬಿಷ್ಕೆಕ್‌ನಿಂದ ಮೇರಿಮ್ ಮಾಡೋ ಸಲಾಂ.

ನಾನು ಮದುವೆ ಮುಂದಕ್ಕೆ ಹಾಕಿದ್ದು ಹೊಲಿಗೆ ಕೆಲಸ ಜಾಸ್ತಿ ಅಂತ ಅಲ್ಲ. ಅಮ್ಮ ನಿಮಗೆ ಸುಳ್ಳು ಹೇಳಿದ್ಲು. ನನ್ನ ಬಲಗಾಲಿನ ಮಂಡಿಚಿಪ್ಪು ಜಾರುತ್ತೆ. ಹೋದ ವಾರ ಹೊಲಿಗೆ ಮೆಷಿನ್ ಮುಂದಿಂದ ಎದ್ದಾಗ ಆರನೇ ಸಲ ಜಾರ್ತು. ಊರಲ್ಲಿ ಮೂಳೆ ಕೂರಿಸೋ ತಾತ ಪ್ರತಿ ಸಲ ಒತ್ತಿ ಕೂರಿಸಿ, "ಮದುವೆ ಆದ್ರೆ ಸರಿಹೋಗುತ್ತೆ" ಅಂತಿದ್ದ. ಇಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ನಕ್ಕರು. "ಮದುವೆ ಆದ್ರೆ ಚಿಪ್ಪು ಕೆಳಗಿಳಿಯಲ್ಲಮ್ಮ. ನಿಂದು ತೀರಾ ಮೇಲೆ ಕೂತಿದೆ, ಅದಕ್ಕೇ ಪಕ್ಕಕ್ಕೆ ಜಾರುತ್ತೆ. ಅದನ್ನ ಕೆಳಗಿಂದ ಹಿಡಿದಿರೋ ಮೂಳೆತುಂಡು ಕೊಯ್ದು, ಇನ್ನಷ್ಟು ಕೆಳಗೆ ಸರಿಸಿ ಸ್ಕ್ರೂ ಹಾಕ್ತೀನಿ" ಅಂದ್ರು. ಗುರುವಾರ ಆಪರೇಷನ್.

ಅಮ್ಮ ಅಳ್ತಿದ್ದಾಳೆ. "ಮೊದಲು ಮದುವೆ ಮುಗೀಲಿ ಕಣೇ. ಸೊಸೆ ಮಂಡಿ ಬಗ್ಗಿಸಿ ಹಿರಿಯರಿಗೆಲ್ಲ ಸಲಾಂ ಮಾಡ್ಬೇಕಲ್ಲ?" ಅಂತಾಳೆ. ನಲವತ್ತು ಜನರ ಮುಂದೆ ಬಗ್ಗಿ ಬಗ್ಗಿ, ನಿಮ್ಮ ನಡುಮನೇಲಿ ಬಿದ್ದು ಕಿರುಚೋಕೆ ನಾನು ತಯಾರಿಲ್ಲ. ನಿಮ್ಮ ಮಗ ಎರ್ಮೆಕ್‌ಗೆ ಹೇಳಿದ್ರೆ, "ಅಮ್ಮನ್ನ ಕೇಳಿ ಹೇಳ್ತೀನಿ" ಅಂದ. ಅದಕ್ಕೇ ನಿಮ್ಮನ್ನೇ ಕೇಳ್ತಿದ್ದೀನಿ.

ಮಂಡಿಯೊಳಗೆ ಸ್ಕ್ರೂ ಇರಬಹುದಂತೆ, ಕಿವೀಲಿ ಓಲೆ ಇರಬಾರದಂತೆ. ನಿಶ್ಚಿತಾರ್ಥದ ದಿನ ನೀವು ಹಾಕಿದ ಓಲೆ ಗುರುವಾರ ಬೆಳಿಗ್ಗೆ ಬಿಚ್ಚಿಡ್ತೀನಿ. ಈ ಸೊಸೆ ಬೇಡ ಅನ್ಸಿದ್ರೆ ಬಂದು ತಗೊಂಡು ಹೋಗಿ. ಬೇಕು ಅನ್ಸಿದ್ರೆ ನೀವೇ ಬಂದು ಮತ್ತೆ ಹಾಕಿ. ನಾನು ಎದ್ದೇಳೋ ಹಾಗಿಲ್ಲ, ನೀವೇ ಸ್ವಲ್ಪ ಬಗ್ಗಬೇಕಾಗುತ್ತೆ.

ಗುರುವಾರದವರೆಗಂತೂ ನಿಮ್ಮ ಸೊಸೆ,
ಮೇರಿಮ್