ಎರಡು ಗೇಣಿನ ಬಿಳಿ ಗೆರೆ

ಪ್ರೀತಿಯ ಲಾಂಚ್ ಮಾವನಿಗೆ,

ಊರಿಗೆಲ್ಲ ನೀವು ಡ್ರೈವರ್ ತಿಮ್ಮಪ್ಪಣ್ಣ, ಅಮ್ಮನಿಗೆ ತಮ್ಮ, ನನಗೆ ಲಾಂಚ್ ಮಾವ. ನೀವು ಹೋಗಿ ಮೂರು ಮಳೆಗಾಲ ಕಳೆದವು. ಇಷ್ಟು ದಿನ ಒಂದು ಸಾಲೂ ಬರೆಯದವಳು ಇವತ್ತು ಕುಳಿತಿದ್ದೇನೆ. ನಿಮಗೆ ಹೇಳಲೇಬೇಕಾದ ಒಂದು ಸುದ್ದಿಯಿದೆ. ಅದಕ್ಕೂ ಮೊದಲು ಒಪ್ಪಿಕೊಳ್ಳಬೇಕಾದ ಒಂದು ತಪ್ಪಿದೆ. ಗೆದ್ದ ಖುಷಿಯಲ್ಲಿದ್ದೇನೆ ಮಾವ, ಇವತ್ತು ನೀವು ಬೈದರೂ ನಾಟುವುದಿಲ್ಲ.

ನೆನಪಿದೆಯಾ, ಬ್ಯಾಕೋಡಿನ ಕಡೆಯಿಂದ ಸಾಗರ ಪೇಟೆಗೆ ಹೊರಟವರೆಲ್ಲ ಹಿನ್ನೀರಿನ ದಡದಲ್ಲಿ ನಿಮ್ಮ ಲಾಂಚಿಗೆ ಕಾಯುತ್ತಿದ್ದುದು? ಬಸ್ಸು, ಜೀಪು, ಬೈಕು ಎಲ್ಲ ಹತ್ತಿದ ಮೇಲೆ ನೀವು ಅಂಚಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕೆಳಗೆ ಇಣುಕುತ್ತಿದ್ದಿರಿ. ಲಾಂಚಿನ ಪಕ್ಕಕ್ಕೆ ನೀವೇ ಬಳಿದ ಬಿಳಿ ಗೆರೆ ನೀರಿನ ಮೇಲೆ ಕಂಡರೆ ಎದ್ದು ಅಂಗಿ ಕೊಡವಿಕೊಂಡು, "ಗೆರೆ ಕಾಣ್ತದೆ, ಹಗ್ಗ ಬಿಡಿ" ಎನ್ನುತ್ತಿದ್ದಿರಿ. ಗೆರೆ ಮುಳುಗಿತ್ತೋ, ಕೊನೆಗೆ ಹತ್ತಿದ ಗಾಡಿ ಇಳಿಯಲೇಬೇಕು. ಅದು ಮದುವೆ ದಿಬ್ಬಣದ್ದಾಗಲಿ, ಸಾಹೇಬರದ್ದಾಗಲಿ. ಎಂಜಿನ್ನಿನಿಂದ ಸೋರಿದ ಎಣ್ಣೆಯನ್ನೂ ನೀವು ಡಬ್ಬಿಯಲ್ಲಿ ಹಿಡಿದು ದಡಕ್ಕೆ ಹೊತ್ತು ತರುತ್ತಿದ್ದಿರಿ. "ಚೆಲ್ಲಿ ಮಾರಾಯ್ರೆ, ಇಷ್ಟು ದೊಡ್ಡ ನೀರಿಗೆ ಎಂತ ಆಗ್ತದೆ?" ಎಂದು ಯಾರೋ ನಕ್ಕಾಗ, "ನಾಳೆ ಕುಡಿಯೂಕೆ ಬೇರೆ ನೀರು ತರ್ತೀರಾ?" ಎಂದು ಕೇಳಿದ್ದಿರಿ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಖೋ ಖೋ ತಂಡದ ಟೆಂಪೋವನ್ನು ನೀವು ಇಳಿಸಿಬಿಟ್ಟಿರಿ. ಸಾಗರ ಮುಟ್ಟುವ ಹೊತ್ತಿಗೆ ಪಂದ್ಯ ಮುಗಿದಿತ್ತು. ಸ್ವಂತ ಸೊಸೆ ಎನ್ನುವುದೂ ಬೇಡವೇ? ಮರುವರ್ಷ ಪಂದ್ಯದ ಹಿಂದಿನ ಸಂಜೆ, ಖಾಲಿ ಲಾಂಚು ದಡಕ್ಕೆ ಒರಗಿ ನಿಂತಿದ್ದಾಗ, ಯಾರೋ ಹಳೆಯ ಗೆರೆಗೆ ಕಪ್ಪು ಬಣ್ಣ ಬಳಿದು ನಾಲ್ಕು ಬೆರಳು ಮೇಲೆ ಹೊಸ ಬಿಳಿ ಗೆರೆ ಎಳೆದಿದ್ದರಲ್ಲ, ಅದು ನಾನು ಮಾವ. ಬಣ್ಣವೂ ನಿಮ್ಮದೇ, ಬ್ರಷ್ಷೂ ನಿಮ್ಮದೇ. ಬೆಳಿಗ್ಗೆ ಟೆಂಪೋ ಹತ್ತಿದ ಮೇಲೂ ಗೆರೆ ಚೆನ್ನಾಗಿ ಕಾಣುತ್ತಿತ್ತು. ನೀವು ಮಾತ್ರ ಏಳಲಿಲ್ಲ. ಅಂಚಿನಿಂದ ಗೆರೆಯವರೆಗೆ ಗೇಣು ಹಾಕಿ ಅಳೆದಿರಿ. "ಎರಡು ಗೇಣು ಇರಬೇಕಿತ್ತು. ಗೆರೆ ಸುಳ್ಳು ಹೇಳ್ತದೆ" ಎಂದು ಟೆಂಪೋ ಇಳಿಸಿದಿರಿ. ಮುಂದಿನ ಟ್ರಿಪ್ಪಿನಲ್ಲಿ ಹೋಗಿ ಆಡಿದೆವು, ಸೋತೆವು. ಸೋತದ್ದಕ್ಕೆ ಲಾಂಚು ಕಾರಣವಲ್ಲ ಬಿಡಿ.

ಆಮೇಲೆ ಯಾರು ಮಾಡಿದ್ದು ಎಂದು ನೀವು ಯಾರನ್ನೂ ಕೇಳಲಿಲ್ಲ. ಆದರೆ ಆ ವರ್ಷದಿಂದ ಗೆರೆ ಬಳಿಯುವ ಕೆಲಸ ನನಗೇ ಬಂತು. "ಬಾ ಹುಡುಗಿ, ಅಳೆದು ಬಳಿ" ಎಂದು ಬ್ರಷ್ಷು ಕೈಗಿಡುತ್ತಿದ್ದಿರಿ. ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ...

ಬಂದರಿನಲ್ಲಿ ಹಡಗು ತಪಾಸಣೆಯ ಕೆಲಸ ಸಿಕ್ಕಿತೆಂದು ಹೇಳಲು ಬಂದಾಗ ನೀವು ಆಗಲೇ ಹಾಸಿಗೆ ಹಿಡಿದಿದ್ದಿರಿ. "ಇಲ್ಲಾದ್ರೆ ನಾನು ಬಗ್ಗಿ ನೋಡ್ತೀನಿ. ನಡು ಸಮುದ್ರದಲ್ಲಿ ಯಾರು ನೋಡ್ತಾರೆ?" ಎಂದು ಕೇಳಿದಿರಿ. ಆಗ ನಾನು ಸರಿಯಾಗಿ ಉತ್ತರಿಸಲಿಲ್ಲ, ಈಗ ಕೇಳಿ. ದೇಶದೇಶಗಳು ಕೂತು ಒಪ್ಪಿಕೊಂಡ ನಿಯಮಗಳಿವೆ. ಪ್ರತಿ ಹಡಗು ಯಾವುದಾದರೂ ಒಂದು ದೇಶದಲ್ಲಿ ನೋಂದಣಿಯಾಗಬೇಕು, ಅದರ ಬಾವುಟ ಹಾರಿಸಬೇಕು. ಹಡಗನ್ನು ಸರಿಯಾಗಿಡುವುದನ್ನು ನೋಡಿಕೊಳ್ಳುವ ಮೊದಲ ಹೊಣೆ ಆ ದೇಶದ್ದು. ಅದು ಕಣ್ಣು ಮುಚ್ಚಿಕೊಂಡರೂ ಹಡಗು ಒಂದಲ್ಲ ಒಂದು ಬಂದರಿಗೆ ಬರಲೇಬೇಕಲ್ಲ? ಅಲ್ಲಿ ನನ್ನಂಥವರು ಹತ್ತಿ ನೋಡುತ್ತೇವೆ. ಕೆಟ್ಟದ್ದು ಸರಿಯಾಗುವವರೆಗೆ ಹೊರಡಲು ಬಿಡುವುದಿಲ್ಲ. ನಿಮ್ಮ ಗೆರೆಯೂ ಅಲ್ಲಿದೆ ಮಾವ, ಪ್ರಪಂಚದ ಸರಕು ಹಡಗುಗಳ ಪಕ್ಕದಲ್ಲೆಲ್ಲ. ಬೇಸಿಗೆಗೊಂದು, ಚಳಿಗಾಲಕ್ಕೊಂದು, ಸಿಹಿನೀರಿಗೊಂದು. ಮೊದಲ ಸಲ ಅದನ್ನು ಪುಸ್ತಕದಲ್ಲಿ ನೋಡಿದ ದಿನ ನಾನು ಹಾಸ್ಟೆಲಿನಲ್ಲಿ ಒಬ್ಬಳೇ ನಕ್ಕಿದ್ದೆ.

ಕಳೆದ ತಿಂಗಳು ಅದಿರು ತುಂಬಿಕೊಂಡ ಒಂದು ಹಳೆಯ ಹಡಗು ಹೊರಡಲು ಸಿದ್ಧವಾಗಿತ್ತು. ದೋಣಿಯಲ್ಲಿ ಒಂದು ಸುತ್ತು ಬಂದೆ. ಗೆರೆ ನೀರಿನ ಮೇಲೆಯೇ ಇತ್ತು, ಆದರೆ ಅದರ ಬಣ್ಣ ಹೊಸದು, ಸುತ್ತಲಿನ ಕಪ್ಪು ಇನ್ನೂ ಹೊಸದು. ನಿಮ್ಮ ಬ್ರಷ್ಷಿನ ವಾಸನೆ ಮೂಗಿಗೆ ಬಡಿದಂತಾಯಿತು. ಮೇಲೆ ಅಂಚಿನಿಂದ ಟೇಪು ಇಳಿಬಿಟ್ಟು ಅಳೆದೆ. ಹಡಗಿನ ಪ್ರಮಾಣಪತ್ರದಲ್ಲಿದ್ದ ಅಳತೆಗಿಂತ ಒಂದು ಗೇಣು ಕಡಿಮೆ ಬಂತು. ಅಷ್ಟೇ ಸಾಕಾಯಿತು, ಇಡೀ ಹಡಗು ಜಾಲಾಡಿದೆವು. ಎಂಜಿನ್ ಕೋಣೆಯಲ್ಲಿ ಎಣ್ಣೆನೀರನ್ನು ಸೋಸದೆ ನೇರ ಸಮುದ್ರಕ್ಕೆ ಬಿಡುವ ಕಳ್ಳ ಪೈಪೂ ಸಿಕ್ಕಿತು. ಅವರ ಬಳಿ ನಿಮ್ಮ ಡಬ್ಬಿ ಇರಲಿಲ್ಲ. ಹಡಗು ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದೆ.

ಮಾಲೀಕರು ಸುಮ್ಮನಿರುತ್ತಾರೆಯೇ? ಮೇಲ್ಮನವಿ ಹಾಕಿದರು. ಅವರ ಏಜೆಂಟ್ ನನ್ನ ಆಫೀಸಿಗೇ ಬಂದು, "ಒಂದು ಗೇಣಿಗೆ ಇಷ್ಟು ರಂಪ ಎಂತಕ್ಕೆ ಮೇಡಂ? ಮೊನ್ನೆ ಸೇರಿದೋರು ನೀವು" ಎಂದ. ಆದೇಶ ಬಿದ್ದುಹೋದರೆ ನನ್ನ ಮಾತಿಗೆ ಆ ಬಂದರಿನಲ್ಲಿ ಮುಂದೆ ಕವಡೆ ಕಿಮ್ಮತ್ತಿರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹಡಗು ಹಾಗೆಯೇ ಮಳೆಗಾಲದ ಕಡಲಿಗೆ ಇಳಿಯುತ್ತಿತ್ತು, ಒಳಗಿನ ಜನರ ಸಮೇತ. ನನಗೆ ಭಯವಾಗಿತ್ತು ಮಾವ, ನಿಮ್ಮ ಹತ್ತಿರ ಸುಳ್ಳೇಕೆ.

ವಿಚಾರಣೆಯಲ್ಲಿ ಅವರ ವಕೀಲರು ಕೇಳಿದರು: "ದೂರದಿಂದ ನೋಡಿದ ತಕ್ಷಣ ನಿಮಗೆ ಅನುಮಾನ ಹೇಗೆ ಬಂತು? ಮೊದಲೇ ಪೂರ್ವಗ್ರಹ ಇತ್ತೆಂದಾಯಿತಲ್ಲ?" ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಅಮ್ಮನಿಗೂ ಹೇಳದ್ದನ್ನು ಅಲ್ಲಿ ಹೇಳಿದೆ. "ಚಿಕ್ಕವಳಿದ್ದಾಗ ನಾನೂ ಹೀಗೇ ಬಣ್ಣ ಬಳಿದಿದ್ದೆ ಸರ್. ನಮ್ಮ ಮಾವ ಗೇಣು ಹಾಕಿ ಹಿಡಿದರು. ಅದಕ್ಕೇ ಅನುಮಾನ ಬಂತು. ಆದೇಶ ಬರೆದದ್ದು ಮಾತ್ರ ಟೇಪು ನೋಡಿ." ವಿಚಾರಣಾಧಿಕಾರಿ ನಗು ತಡೆದುಕೊಂಡು ಮತ್ತೊಮ್ಮೆ ಅಳೆಯಲು ಕಳಿಸಿದರು. ಮತ್ತೆ ಒಂದು ಗೇಣು ಕಡಿಮೆ. ನನ್ನ ಆದೇಶ ಒಂದಕ್ಷರವೂ ಬದಲಾಗದೆ ನಿಂತಿತು.

ಪೈಪು ಕಿತ್ತರು. ಅದಿರನ್ನು ದಿನಗಟ್ಟಲೆ ಇಳಿಸಿದರು. ನಿಧಾನಕ್ಕೆ ಹಡಗು ಮೇಲೆದ್ದಂತೆ, ಕಪ್ಪು ಬಣ್ಣದಡಿ ಬೆಸುಗೆ ಹಾಕಿ ಮೂಡಿಸಿದ್ದ ಹಳೆಯ ನಿಜವಾದ ಗೆರೆ ನೀರಿನಿಂದ ಹೊರಗೆ ಬಂತು. ಅದಕ್ಕೆ ಬಿಳಿ ಬಳಿಸಿ, ಅಳೆದು, ನಿನ್ನೆ ಬೆಳಿಗ್ಗೆ ಬಿಡುಗಡೆಗೆ ಸಹಿ ಹಾಕಿದೆ. ಏಣಿ ಇಳಿಯುವಾಗ ವಯಸ್ಸಾದ ಅಡುಗೆಯವನೊಬ್ಬ ಕೈಮುಗಿದ. ಅದು ನಿಮಗೆ ಸಲ್ಲಬೇಕಾದದ್ದು, ತಲುಪಿಸಿದ್ದೇನೆ.

ನಿಮ್ಮ ಹಿನ್ನೀರಿಗೆ ಈಗ ಸೇತುವೆ ಬಂದಿದೆ ಮಾವ. ಲಾಂಚಿನ ಅಂಚಿನಲ್ಲಿ ಮಲಗಿ ಇಣುಕುವವರು ಯಾರೂ ಬೇಕಿಲ್ಲ. ಆದರೆ ನಿನ್ನೆ ಬಂದರಿನ ಕಟ್ಟೆಯ ಮೇಲೆ, ಎಲ್ಲರೂ ನೋಡುತ್ತಿದ್ದಂತೆ ನಾನು ಸೀರೆಯಲ್ಲೇ ಹೊಟ್ಟೆ ಅಡಿಯಾಗಿ ಮಲಗಿ ಕೆಳಗೆ ಇಣುಕಿದೆ. ಎದ್ದು ಧೂಳು ಕೊಡವಿಕೊಂಡೆ. ಆ ದೊಡ್ಡ ಹಡಗಿನವರಿಗೆ ಕನ್ನಡ ಬರುವುದಿಲ್ಲ, ಆದರೂ ನಮ್ಮ ಕನ್ನಡದಲ್ಲೇ ಕೂಗಿ ಹೇಳಿದೆ:

"ಗೆರೆ ಕಾಣ್ತದೆ, ಹಗ್ಗ ಬಿಡಿ."

ನಿಮ್ಮ ಸೊಸೆ,
ಸುಮ