ಮೂರನೆಯ ಏಟಿಗೆ

ಕೋಗಿಲು
ಜೂನ್ ೧೮, ಮಂಗಳವಾರ

ಪ್ರೀತಿಯ ವೇದಕ್ಕ,

ಈಗ ಎರಡು ಗಂಟೆ ನಲವತ್ತು ನಿಮಿಷ. ತೊಟ್ಟಿಲಲ್ಲಿ ಗುಂಡಣ್ಣನ ಗಂಟಲು ಗೊರ್ ಎಂದಿತು, ಎದ್ದು ಕೂತೆ. ಮಗ್ಗುಲು ಬದಲಿಸಿದನಷ್ಟೆ. ಆದರೂ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಮೂರು ರಾತ್ರಿಯಿಂದ ಇದೇ ಕೆಲಸ.

ನೀನು ಎಷ್ಟು ಸಲ ಫೋನ್ ಮಾಡಿದರೂ ತೆಗೆಯದೆ ‘ಆರಾಮಾಗಿದೀವಿ’ ಎಂದು ಮೆಸೇಜ್ ಹಾಕಿಬಿಟ್ಟೆ. ಕೋಪ ಮಾಡಿಕೊಳ್ಳಬೇಡ, ಬಾಯಲ್ಲಿ ಹೇಳಲು ಆಗಲಿಲ್ಲ. ಐಸಿಯುವಿನ ರಾತ್ರಿ ಪಾಳಿಯಲ್ಲಿ ನಿನ್ನ ಫೋನ್ ಲಾಕರಿನಲ್ಲಿರುತ್ತದೆ. ನಾಲ್ಕಕ್ಕೆ ಟೀಗೆ ಬಂದಾಗ ಈ ಮೇಲ್ ನೋಡುತ್ತೀಯ ಎಂದು ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಅತ್ತೆ ಅವನನ್ನು ಕಾಲ ಮೇಲೆ ಮಲಗಿಸಿಕೊಂಡು, ಬಾಳೆಹಣ್ಣು ಕಿವುಚಿದ ರಾಗಿ ಸರಿ ತಿನ್ನಿಸುತ್ತಿದ್ದರು. ಈ ಮನೆಯ ಮಕ್ಕಳೆಲ್ಲ ಹಾಗೆಯೇ ಬೆಳೆದವರು. ನೆತ್ತಿಗೇರಿತು. ಅತ್ತೆ ನೆತ್ತಿ ತಟ್ಟಿ ಊದಿದರು. ಕೆಮ್ಮು ನಿಂತು ಬರೀ ಕೀರಲು ಉಸಿರು. ಅನಿಕೇತ್ ಬಾಗಲೂರಿನ ಸೈಟಿನಲ್ಲಿದ್ದರು. ಮಾವ ಕಾರು ತೆಗೆದು ಮಗುವನ್ನೂ ನನ್ನನ್ನೂ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಓಡಿಸಿದರು. ಅದು ಅವರದೇ ಕಟ್ಟಡ, ಬಾಡಿಗೆಗೆ ಕೊಟ್ಟದ್ದು. ಬಾಗಿಲು ದಾಟುವಷ್ಟರಲ್ಲಿ ಆ ಉಸಿರೂ ಇಲ್ಲ. ತುಟಿ ನೀಲಿ.

ಡಾಕ್ಟರ್ ಊಟಕ್ಕೆ ಹೋಗಿದ್ದರು. ದಿವ್ಯ ಎಂಬ ನರ್ಸ್ ಒಬ್ಬಳೇ, ಇಪ್ಪತ್ತಮೂರು ಇರಬಹುದು. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ಅಂಗೈಯಲ್ಲಿ ಗುದ್ದಿದಳು. ‘ಒಂದು, ಎರಡು’ ಎಂದು ಎಣಿಸುತ್ತಿದ್ದಳು. ಮಾವ ಅಷ್ಟು ನೋಡಿ ಡಾಕ್ಟರನ್ನು ಕರೆತರಲು ಓಡಿದರು. ಆಮೇಲೆ ಗುಂಡಣ್ಣ ಸೋತು ಜೋತುಬಿದ್ದ. ಅವಳು ಮೇಜಿನ ಮೇಲೆ ಮಲಗಿಸಿ ಎದೆಯನ್ನು ಎರಡೇ ಬೆರಳಲ್ಲಿ ಒತ್ತಿದಳು, ಬಾಯಿಗೆ ಉಸಿರು ಕೊಟ್ಟಳು, ಮತ್ತೆ ಒತ್ತಿದಳು. ಹಣ್ಣಿನ ಚೂರು ಹೊರಬಂತು. ಗುಂಡಣ್ಣ ಅತ್ತ.

ಡಾಕ್ಟರ್ ಜೊತೆ ಬಂದ ನರ್ಸುಗಳ ಇನ್‌ಚಾರ್ಜ್ ಮರಿಯಮ್ಮ, “ಡಾಕ್ಟರ್ ಹೇಳೋ ತನಕ ಕೈ ಹಾಕ್ಬೇಡ ಅಂದಿರ್ಲಿಲ್ವೇನೇ?” ಎಂದರು.

“ಅವ್ರು ಬರೋ ತನಕ ಅವ್ನು ಇರ್ತಿರ್ಲಿಲ್ಲ ಸಿಸ್ಟರ್,” ಎಂದಳು ದಿವ್ಯ.

ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಸದ್ಯಕ್ಕೆ ಭಯವಿಲ್ಲ, ಮೆದುಳಿಗೇನಾದರೂ ಆಗಿದೆಯೇ ಎಂದು ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದಿದ್ದಾರೆ. ಬೆನ್ನಿನ ಮೇಲೆ ಕಂದಿದ ಗುರುತಿದೆ. ಮಾವ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ. “ಇಂಗೆ ತಲೆಕೆಳಗ್ಮಾಡಿ ಒಡುದ್ಲು ಕಣಪ್ಪ, ಬಂಡೆ ಮೇಲೆ ಬಟ್ಟೆ ಒಗ್ದಂಗೆ.”

ನಿನ್ನೆ ಸಂಜೆ ಮಾವ ಟೈಪ್ ಮಾಡಿದ ಹಾಳೆ ತಂದರು. ಡಾಕ್ಟರ ಆದೇಶವಿಲ್ಲದೆ ನರ್ಸ್ ಹೊಡೆದದ್ದರಿಂದಲೇ ಮಗು ಪ್ರಜ್ಞೆ ತಪ್ಪಿತು ಎಂದಿದೆ. ಕೆಳಗೆ ತಾಯಿಯ ಸಹಿಗೆ ಜಾಗ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ನರ್ಸಿಂಗ್ ಹೋಮಿನವರು ಬಂದು ಒಯ್ಯುತ್ತಾರೆ, ಅವಳನ್ನು ಕೆಲಸದಿಂದ ತೆಗೆಯಲು. ಅನಿಕೇತ್, “ಒಂದು ಸೈನ್ ಕಣೇ. ಅವ್ಳಿಗೆ ಬೇರೆ ಕಡೆ ಕೆಲ್ಸ ಸಿಗತ್ತೆ. ಅಪ್ಪನ ಹತ್ರ ವಾದ ಮಾಡೋರ್ಯಾರು?” ಎಂದು ಮಲಗಿಬಿಟ್ಟರು. ಇಂಥ ಹಾಳೆ ಬೆನ್ನಿಗಂಟಿದ ಹುಡುಗಿಗೆ ಯಾರು ಕೆಲಸ ಕೊಡುತ್ತಾರೆ, ನೀನೇ ಹೇಳು.

ವರ್ಷವರ್ಷ ನರ್ಸಿಂಗ್ ಹುಡುಗಿಯರಿಗೆ ಇದನ್ನೇ ಕಲಿಸುವವಳು ನೀನು. ಅವಳು ಮಾಡಿದ್ದು ಸರಿ ತಾನೆ? ಶನಿವಾರ ಹೊರಡುವಾಗ ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. “ಕಾಲೇಜಲ್ಲಿ, ಬೊಂಬೆ ಮೇಲೆ. ಮಗು ಮೇಲೆ ಇದೇ ಫಸ್ಟು ಮೇಡಂ,” ಎಂದಳು.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು. ಗುಂಡಣ್ಣನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಮಹತಿ

ತಾ.ಕ.: ಮಾವ ಓಡಿದ ಮೇಲೆ ಆ ಕೋಣೆಯಲ್ಲಿ ಮಗುವಿನ ಜೊತೆ ಇದ್ದದ್ದು ದಿವ್ಯ, ನಾನು ಇಬ್ಬರೇ. ಮೂರನೆಯ ಏಟಿಗೆ ನಾನು ಮಗುವನ್ನು ಕಿತ್ತುಕೊಂಡೆ ಅಕ್ಕ. “ನನ್ ಮಗೂನ ಹೊಡೀತೀಯಾ” ಎಂದು ಎದೆಗೆ ಅವುಚಿ ಗೋಡೆಗೆ ತಿರುಗಿ ನಿಂತೆ. ಅವಳು “ಕೊಡಿ ಮೇಡಂ, ಕೊಡಿ” ಎನ್ನುತ್ತಲೇ ಇದ್ದಳು. ಅವನು ಸೋತುಬಿದ್ದದ್ದು ನನ್ನ ತೋಳಲ್ಲಿ. ನನ್ನ ಬೆರಳು ಒಂದೊಂದಾಗಿ ಬಿಡಿಸಿ ಅವಳು ತೆಗೆದುಕೊಂಡಳು. ಯಾಕಿಷ್ಟು ತಡವಾಯಿತು ಎಂದು ಡಾಕ್ಟರ್ ಕೇಳಿದಾಗ ದಿವ್ಯ ನನ್ನ ಮುಖ ನೋಡಿ ಸುಮ್ಮನಾದಳು. ನಾನೂ ಸುಮ್ಮನಿದ್ದೆ.

ಉಸಿರಿಲ್ಲದೆ ಮಗು ಎಷ್ಟು ಹೊತ್ತು ತಡೆಯುತ್ತದೆ? ನಾನು ಹಿಡಿದುಕೊಂಡದ್ದು ಅರ್ಧ ನಿಮಿಷವೋ, ಒಂದೋ, ನೆನಪಿಗೆ ಬರುತ್ತಿಲ್ಲ. ಮಾವ ಐದಕ್ಕೆ ಏಳುತ್ತಾರೆ. ಅವರೆದುರು ನಾನೊಬ್ಬಳೇ ಇದನ್ನು ಹೇಳಲಾರೆ, ಆ ಕಡೆ ನೀನು ಲೈನಿನಲ್ಲಿರಬೇಕು. ಬೆಳಗಾಗುವ ಮೊದಲು ಫೋನ್ ಮಾಡು ಅಕ್ಕ, ಬೈಯಲಿಕ್ಕಾದರೂ ಮಾಡು.