ಲಂಗರಿನ ಕೆಳಗೆ ನನ್ನ ಮಗಳು

ಬಂದರು ಅಧಿಕಾರಿಯವರಿಗೆ,

ಹವಳದ ದಿಬ್ಬಕ್ಕೆ ದೋಣಿಯಲ್ಲಿ ಹೋಗಿ ಮುಳುಗು ಹಾಕುವುದಕ್ಕಿದ್ದ ನಿಷೇಧವನ್ನು ಕಳೆದ ಸೋಮವಾರ ನೀವು ತೆಗೆದುಹಾಕಿದಿರಿ. ಕಡಲು ಬಿಸಿಯಾಗಿ ಹವಳವೆಲ್ಲ ಬಿಳಿಚಿಕೊಂಡು ಸಾಯತೊಡಗಿದ ವರ್ಷ, ಅದು ಚೇತರಿಸಿಕೊಳ್ಳುವ ತನಕ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲವೆಂದು ಬಂದರಿನ ಕಟ್ಟೆಯ ಮೇಲೆ ನಿಂತು ಮಾತು ಕೊಟ್ಟದ್ದು ನಿಮ್ಮ ಕಚೇರಿಯೇ. ನಾನು ಮರೆತಿಲ್ಲ.

ಈಗ ಪ್ರವಾಸಿ ದೋಣಿಗಳು ಅಲ್ಲಿಯೇ ಲಂಗರು ಎಸೆಯುತ್ತಿವೆ. ಸ್ಕೂಬಾ ಕಲಿಸುವ ನನ್ನ ಮಗಳು ಮಾತ್ರ ತನ್ನ ದೋಣಿಯ ಲಂಗರನ್ನು ಎಸೆಯಲು ಬಿಡುವುದಿಲ್ಲ. ಮೊದಲು ತಾನೇ ಕೆಳಗಿಳಿದು, ಅದನ್ನು ಕೈಯಾರೆ ಹಿಡಿದು, ಹವಳವಿಲ್ಲದ ಮರಳಿನ ಮೇಲೆ ಇಡುತ್ತಾಳೆ. ನಿನ್ನೆ ಪಕ್ಕದ ದೋಣಿಯವರು ನೋಡದೆ ಎಸೆದ ಲಂಗರು ನೀರಿನಡಿಯಲ್ಲಿದ್ದ ಅವಳ ಭುಜಕ್ಕೆ ಬಡಿದು ಹೋಯಿತು.

"ಇನ್ನು ಹೋಗಬೇಡ ಕಣೇ," ಎಂದೆ.

"ತಲೆ ಮೇಲೆ ಬಿದ್ರೂ ಲಂಗರೇ ಬಗ್ಗುತ್ತಮ್ಮಾ, ನಿನ್ನ ಮಗಳ ತಲೆ ಅಲ್ವಾ?" ಎಂದು ನಕ್ಕಳು.

ಪೆಟ್ಟಾದ ಕೈಯಲ್ಲಿ ಅವಳಿಗೆ ಬಾಚಣಿಗೆ ಎತ್ತಲಾಗಲಿಲ್ಲ; ಇಂದು ಬೆಳಿಗ್ಗೆ ನಾನೇ ಜಡೆ ಹೆಣೆದೆ. ಮತ್ತೆ ಹೋಗಿದ್ದಾಳೆ. ಕಿಟಕಿಯ ಬಳಿ ಕೂತು ಇದನ್ನು ಬರೆಯುತ್ತಿದ್ದೇನೆ. ದಿಬ್ಬದ ಹತ್ತಿರ ಒಂದೊಂದು ದೋಣಿ ನಿಂತಾಗಲೂ ಪೆನ್ನು ಕೆಳಗಿಟ್ಟು ಅತ್ತ ನೋಡುತ್ತೇನೆ.

ನಿಷೇಧವನ್ನು ಇಂದೇ ಮರಳಿ ತನ್ನಿ. ಆಗದಿದ್ದರೆ, ಅದನ್ನು ಯಾರಿಗಾಗಿ ತೆಗೆದಿರೆಂದು ಅದೇ ಕಟ್ಟೆಯ ಮೇಲೆ ಎಲ್ಲರೆದುರು ನಿಂತು ಹೇಳಿ. ಸಂಜೆ ದೋಣಿಗಳು ಮರಳುವ ಹೊತ್ತಿಗೆ ನಾನು ಅಲ್ಲಿರುತ್ತೇನೆ.

ಇಂತಿ,
ಸ್ಕೂಬಾ ಕಲಿಸುವವಳ ತಾಯಿ